ರೇವಣಸಿದ್ದಪ್ಪನವರು ಮಾಡಿದ ಸನ್ಮಾನ

ರೇವಣಸಿದ್ದಪ್ಪನವರ ಬಗ್ಗೆ ಬೈಯದೆ ಬರೆಯಬೇಕೆಂದು ಪ್ರಯತ್ನಿಸಿ ಸೋತಿದ್ದೇನೆ. ಆದ್ದರಿಂದ ಬೈದುಕೊಂಡೇ ಬರೆಯುತ್ತೇನೆ.

ಅವರು ಸ್ಯಾನ್ ಡಿಯೇಗೊದ ಮೀರಾ ಮೆಸಾದಲ್ಲಿ ನಮ್ಮ ಪಕ್ಕದ ಮನೆಯವರು, ಬಾಗಲಕೋಟೆ ಕಡೆಯವರು. ನನಗಿಂತ ಎಷ್ಟೋ ದೊಡ್ಡವರಾದರೂ ನನ್ನನ್ನು ‘ಹರಿಣಿ ಅಕ್ಕಾರ’ ಎಂದೇ ಕರೆಯುತ್ತಾರೆ. ಹಾಗೆ ಕರೆದರೆ ಮರುಕ್ಷಣವೇ ಏನೋ ಒಂದು ಕೆಲಸ ಹೇಳುತ್ತಾರೆಂದು ತಿಳಿದುಕೊಳ್ಳಬೇಕು. ಆ ಕೆಲಸ ಹೆಚ್ಚಾಗಿ ಕಾರು ಓಡಿಸುವುದು. ಫ್ರೀವೇ ಎಂಬ ಇಲ್ಲಿನ ಹೆದ್ದಾರಿಗೆ ಕಾರು ಹತ್ತಿಸಲು ಅವರಿಗೆ ಭಯ. ಅವರ ಹೆಂಡತಿ ನಮ್ರತಾ ಟೆಲಿಕಾಂ ಕಂಪನಿಯಲ್ಲಿ ಇಂಜಿನಿಯರು, ಮೀಟಿಂಗುಗಳಿಂದ ಆಕೆಗೆ ತಲೆ ಎತ್ತಲೂ ಬಿಡುವಿಲ್ಲ. ಮನೆಯಿಂದಲೇ ಕೆಲಸ ಮಾಡುವ ತಪ್ಪಿಗೆ ನಾನು ಅವರ ಡ್ರೈವರ್ ಆದೆ.

ಅವರ ಉದ್ಯೋಗ ಒಂದು ದೊಡ್ಡ ಬ್ಯಾಂಕಿನ ಸಾಮಾಜಿಕ ಹೊಣೆಗಾರಿಕೆ ವಿಭಾಗದಲ್ಲಿ. ಬ್ಯಾಂಕಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅದನ್ನೂ ಅವರು ಪ್ರಚಾರಕ್ಕೆ ಬಳಸಿಕೊಂಡಾರು. ಹೊಣೆಗಾರಿಕೆ ಎಂದರೇನು ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಅವರು ಗೋಡೆಯ ಕತೆ ಹೇಳಿದರು. ಸಿಟಿ ಹೈಟ್ಸ್ ಎಂಬ ಬಡವರ ಬಡಾವಣೆಯಲ್ಲಿ ವಯಸ್ಸಾದವರು ಹಗಲು ಹೊತ್ತು ಕೂಡುವ ಒಂದು ಸೀನಿಯರ್ ಸೆಂಟರ್ ಇದೆ. ಪ್ರತಿ ವರ್ಷ ಲಾಸ್ ಏಂಜಲಿಸ್‌ನ ಹೆಡ್ ಆಫೀಸಿನಿಂದ ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡ ನೌಕರರು ಬಸ್ಸಿನಲ್ಲಿ ಬಂದು ಅದರ ಮುಂದಿನ ಗೋಡೆಗೆ ಬಣ್ಣ ಬಳಿಯುತ್ತಾರೆ. ಒಂದು ವರ್ಷ ನೀಲಿ, ಮರು ವರ್ಷ ಹಳದಿ, ಅದರ ಮರು ವರ್ಷ ಮತ್ತೆ ನೀಲಿ. ಗೋಡೆಗೆ ಬಣ್ಣ ಬೇಕಾಗಿಯೇ ಇರಲಿಲ್ಲ. ಬೇಕಾಗಿದ್ದದ್ದು ಹೆಂಗಸರ ಟಾಯ್ಲೆಟ್ಟಿನ ಬಾಗಿಲಿಗೆ ಚಿಲಕ. ಆದರೆ ಚಿಲಕದ ಮುಂದೆ ಐವತ್ತು ಜನ ನಿಂತು ಫೋಟೋ ತೆಗೆಸಿಕೊಳ್ಳಲು ಆಗುವುದಿಲ್ಲವಲ್ಲ. ಅದನ್ನು ರೇವಣಸಿದ್ದಪ್ಪನವರೇ ಊಟದ ಬಿಡುವಿನಲ್ಲಿ ಹಾಕಿಕೊಟ್ಟರು.

ಇನ್ನೊಂದು ವಿಚಿತ್ರ ಕೇಳಿ. ಬಡವರ ಬಡಾವಣೆಗಳಿಗೂ ಬ್ಯಾಂಕುಗಳು ಸೇವೆ ಒದಗಿಸಬೇಕೆಂದು ಇಲ್ಲಿ ಕಾನೂನಿದೆ, ಅದನ್ನು ನೋಡಲು ಸರ್ಕಾರದ ಪರೀಕ್ಷಕರು ಬರುತ್ತಾರೆ. ಅವರ ಬಳಿ ಬಣ್ಣ ಬಳಿದದ್ದು ಲೆಕ್ಕಕ್ಕಿಲ್ಲ. ಬ್ಯಾಂಕಿಂಗ್‌ಗೆ ಸಂಬಂಧಿಸಿದ ನೆರವು, ಪಾಠ ಇವು ಮಾತ್ರ ಲೆಕ್ಕಕ್ಕುಂಟು. ಹಾಗಾಗಿ ಬಣ್ಣ ಒಣಗುವಷ್ಟು ಹೊತ್ತು ಯಾರಾದರೂ ಒಬ್ಬ ಹುಡುಗಿ ಆ ಅಜ್ಜ ಅಜ್ಜಿಯರಿಗೆ ಉಳಿತಾಯದ ಮಹತ್ವ ಹೇಳಿಕೊಡುತ್ತಿದ್ದಳು. ಜೀವಮಾನವಿಡೀ ಕಂಡವರ ಮನೆ ತೊಳೆದು ಮಕ್ಕಳನ್ನು ಓದಿಸಿದವರಿಗೆ ಉಳಿತಾಯದ ಪಾಠ!

ರೇವಣಸಿದ್ದಪ್ಪನವರು ಮೊದಲಿಂದ ಈ ಹೊಣೆಗಾರಿಕೆಯವರಲ್ಲ. ಊರಿನಲ್ಲಿ ಗ್ರಾಮೀಣ ಬ್ಯಾಂಕಿನಲ್ಲಿದ್ದವರು, ಹೆಂಡತಿಯ ಕೆಲಸದ ಬೆನ್ನಿಗೆ ಇಲ್ಲಿಗೆ ಬಂದು ಸಿಟಿ ಹೈಟ್ಸ್ ಶಾಖೆಯ ಕೌಂಟರಿನಲ್ಲಿ ಕೂತರು. ಅಲ್ಲಿ ‘ರೇ’ ಎಂದು ಕರೆಸಿಕೊಂಡರು, ಅಷ್ಟಿಷ್ಟು ಸ್ಪ್ಯಾನಿಷ್ ಕಲಿತರು. ಅವರ ಸ್ಪ್ಯಾನಿಷ್ ಕೇಳಿದರೆ ಬಾಗಲಕೋಟೆಯ ಸಂತೆಯಲ್ಲಿ ನಿಂತ ಹಾಗೆ ಆಗುತ್ತದೆ. ೨೦೨೦ರಲ್ಲಿ ಕೋವಿಡ್ ಬಂದಾಗ ಆ ಬೀದಿಯ ಬೇರೆ ಬ್ಯಾಂಕುಗಳೆಲ್ಲ ಬಾಗಿಲೆಳೆದುಕೊಂಡವು, ಇವರ ಶಾಖೆ ಮಾತ್ರ ತೆರೆದಿತ್ತು. ಸರ್ಕಾರ ಕಳಿಸಿದ ಚೆಕ್ಕು ಹಿಡಿದುಕೊಂಡು ಮುದುಕರೆಲ್ಲ ಬೀದಿಯುದ್ದಕ್ಕೂ ದೂರ ದೂರ ನಿಲ್ಲುತ್ತಿದ್ದರು. ಅದರಲ್ಲಿ ಮಿಸೆಸ್ ಒರ್ಟೇಗಾ ಎಂಬ ಅಜ್ಜಿಯೂ ಒಬ್ಬರು. ಹಿಂದೊಮ್ಮೆ ಯಾವನೋ ಫೋನಿನಲ್ಲಿ ಬ್ಯಾಂಕಿನವನೆಂದು ಹೇಳಿಕೊಂಡು ಅವರ ಖಾತೆಯನ್ನು ಗುಡಿಸಿ ಹಾಕಿದ್ದ. ಅಂದಿನಿಂದ ಆ ತಾಯಿ ಎದುರಿಗೆ ಮುಖ ಕಾಣದೆ ಯಾರೊಂದಿಗೂ ದುಡ್ಡಿನ ಮಾತಾಡುವುದಿಲ್ಲ. ಇದೂ ಮುಚ್ಚುತ್ತದೆಯೇ ಎಂದು ಅವರು ಕೇಳಿದಾಗ ರೇವಣಸಿದ್ದಪ್ಪನವರು ಪ್ಲಾಸ್ಟಿಕ್ ತೆರೆಯ ಹಿಂದಿನಿಂದ, ಈ ಕೌಂಟರ್ ಮುಚ್ಚುವುದಿಲ್ಲ, ನಾನು ಹೇಳುತ್ತಿದ್ದೇನೆ ಎಂದರಂತೆ. ಯಾರನ್ನು ಕೇಳಿ ಹೇಳಿದಿರಿ ಎಂದು ನಾನು ಆಮೇಲೆ ರೇಗಿದ್ದೇನೆ. ಕ್ಯಾಶಿಯರ್ ಕೊಡುವ ಮಾತೇ ಅದು?

ಜನ ಇವರನ್ನು ಹಚ್ಚಿಕೊಂಡದ್ದು ನೋಡಿ ಬ್ಯಾಂಕು ಇವರನ್ನು ಕೌಂಟರಿನಿಂದ ಎಬ್ಬಿಸಿ ಹೊಣೆಗಾರಿಕೆ ವಿಭಾಗಕ್ಕೆ ಹಾಕಿತು. ಎರಡು ವರ್ಷ ಕಳೆದ ಮೇಲೆ ಅದೇ ಶಾಖೆಯನ್ನು ಮುಚ್ಚುತ್ತೇವೆಂದು ನೋಟೀಸು ಅಂಟಿಸಿತು. ಹತ್ತಿರದ ಇನ್ನೊಂದು ಶಾಖೆಗೆ ಎರಡು ಬಸ್ಸು ಬದಲಾಯಿಸಬೇಕು. ಇಷ್ಟು ಸಾಲದೆಂಬಂತೆ, ಬಡಾವಣೆಗೆ ಬ್ಯಾಂಕಿನ ಪ್ರೀತಿಯ ಕಾಣಿಕೆಯಾಗಿ ಸೀನಿಯರ್ ಸೆಂಟರಿಗೆ ಟ್ಯಾಬ್ಲೆಟ್‌ಗಳನ್ನು ಕೊಡುವ ಕಾರ್ಯಕ್ರಮ ಏರ್ಪಡಿಸಬೇಕೆಂದು ಇವರಿಗೇ ಅಪ್ಪಣೆಯಾಯಿತು. ಮುದುಕರು ಇನ್ನು ಬೆರಳಲ್ಲೇ ಬ್ಯಾಂಕ್ ಮಾಡಲಿ ಎಂದು.

ಇದರ ಬಗ್ಗೆ ಮಾತಾಡಲು ನಾನೇ ಅವರನ್ನು ಲಾಸ್ ಏಂಜಲಿಸ್‌ನ ಹೆಡ್ ಆಫೀಸಿಗೆ ಕರೆದುಕೊಂಡು ಹೋದೆ. ಹೋಗುವಾಗ ಐದನೇ ನಂಬರಿನ ಫ್ರೀವೇಯಲ್ಲಿ ಕಣ್ಣು ಮುಚ್ಚಿಕೊಂಡು ಏನೋ ಜಪಿಸುತ್ತ ಕೂತಿದ್ದರು. ವಿಭಾಗದ ವೈಸ್ ಪ್ರೆಸಿಡೆಂಟ್ ಕ್ರೇಗ್ ಎಂಬಾತ. ಪೂರ್ತಿ ಶಾಖೆ ಬೇಡ, ವಾರಕ್ಕೆ ಎರಡು ದಿನ ಸೀನಿಯರ್ ಸೆಂಟರಿನಲ್ಲೇ ಒಂದು ಕೌಂಟರ್ ಇಡಿ, ನಾನೇ ಕೂರುತ್ತೇನೆ ಎಂದು ಇವರು ಕೇಳಿದರು. ಆತ ಬಹಳ ಒಳ್ಳೆಯ ವಿಚಾರ ಎಂದ. ಮಾಡುತ್ತೇವೆ ಎನ್ನಲಿಲ್ಲ, ಆಗುವುದಿಲ್ಲ ಎನ್ನಲೂ ಇಲ್ಲ. ಟ್ಯಾಬ್ಲೆಟ್ ಕೊಡಲು ತಾನೇ ಬರುವುದಾಗಿ ಹೇಳಿ ಕೈ ಕುಲುಕಿದ.

ವಾಪಸು ಬರುವಾಗ ಇವರು ಕಣ್ಣು ತೆರೆದುಕೊಂಡೇ ಕೂತಿದ್ದರು. ಅನಹೈಮ್ ಊರು ದಾಟುವಷ್ಟರಲ್ಲಿ ಉಪಾಯ ಹೊಳೆದಿತ್ತು.

“ಅಕ್ಕಾರ, ಅವರಿಗೆ ಸನ್ಮಾನ ಮಾಡೋಣ್ರಿ,” ಎಂದರು. “ನಮ್ಮೂರಾಗ ಪಟಗಾ ಸುತ್ತಿಸ್ಕೊಂಡು ಸ್ಟೇಜ್ ಮ್ಯಾಲೆ ಕುಂತಾವ ಇಲ್ಲ ಅಂದದ್ದು ನಾ ನೋಡೇ ಇಲ್ರಿ. ಮಂದಿ ಎದುರಿಗೆ ಮೈಕಿನ್ಯಾಗ ಕೇಳಿಬಿಟ್ರ ಏನರ ಘೋಷಣಾ ಮಾಡೇ ಇಳೀಬೇಕ್ರಿ.”

ಅದು ಸುಳ್ಳಲ್ಲ. ಶಾಲು ಹೊದಿಸಿ, ಹಾರ ಹಾಕಿ, ಪೇಟ ತೊಡಿಸಿ ದೊಡ್ಡ ಕುರ್ಚಿಯಲ್ಲಿ ಕೂರಿಸಿದ ಮೇಲೆ ಮಂತ್ರಿಯಾದರೂ ಸರಿ, ಮ್ಯಾನೇಜರಾದರೂ ಸರಿ, ಶಾಲೆಗೊಂದು ಕೊಠಡಿಯನ್ನೋ ಓಣಿಗೊಂದು ಬೋರ್‌ವೆಲ್ಲನ್ನೋ ಘೋಷಿಸದೆ ವೇದಿಕೆ ಇಳಿಯುವುದು ನಮ್ಮ ಕಡೆ ಮಾನದ ಪ್ರಶ್ನೆ. ಹಾರ ಹಾಕುವವರಿಗೂ ಗೊತ್ತು, ಹಾಕಿಸಿಕೊಳ್ಳುವವರಿಗೂ ಗೊತ್ತು. ಊರಿನಲ್ಲಿ ಇವರ ಹಳೆಯ ಶಾಖೆಗೆ ಕಟ್ಟಡ ಬಂದದ್ದೇ ಹಾಗಂತೆ. ನನಗಿದ್ದ ಹೆದರಿಕೆ ಬೇರೆ. ಉಡುಗೊರೆ ತೆಗೆದುಕೊಳ್ಳುವುದು ನಿಯಮಕ್ಕೆ ವಿರುದ್ಧ ಎಂದು ಆತ ಸಿಡುಕಿದರೆ ಇವರ ಕೆಲಸಕ್ಕೇ ಸಂಚಕಾರ ಎಂದುಕೊಂಡೆ. ಹೇಳಿಯೂ ಹೇಳಿದೆ. ಅವರು ಕೇಳುವ ಪೈಕಿಯೇ?

ಮುಂದಿನ ಶನಿವಾರ, ಲಾಸ್ ಏಂಜಲಿಸ್ ಬಳಿ ನಮ್ಮ ದೇಶದವರ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಮತ್ತೆ ನನ್ನದೇ ಕಾರು. ಪಯೋನಿಯರ್ ಬೂಲೆವಾರ್ಡಿನ ಅಂಗಡಿ ಅಂಗಡಿ ಹತ್ತಿ ಇಳಿದರೂ ಮೈಸೂರು ಪೇಟ ಸಿಗಲಿಲ್ಲ. ಕೊನೆಗೆ ಗುಜರಾತಿಯವರ ಸೀರೆ ಅಂಗಡಿಯಲ್ಲಿ ಮದುವೆ ಗಂಡುಗಳಿಗೆ ತೊಡಿಸುವ, ಹಿಂದೆ ಬಾಲ ಇಳಿಬಿಟ್ಟ ಕೆಂಪು ಪೇಟ ಕೊಂಡರು. ಬಂಗಾರದಂಚಿನ ಶಾಲು, ಗಂಧದ ಹಾರ ಎಲ್ಲ ಅವರ ಸ್ವಂತ ಖರ್ಚು. ಬ್ಯಾಂಕಿನ ಹೊಣೆಗಾರಿಕೆಗೆ ಇವರ ಜೇಬು.

ಸಮಾರಂಭದ ದಿನ ಸೆಂಟರ್ ತುಂಬಿತ್ತು. ಮಿಸೆಸ್ ಒರ್ಟೇಗಾ ಚರ್ಚಿಗೆ ಹೋಗುವ ಉಡುಪಿನಲ್ಲಿ ಬಂದಿದ್ದರು. ಹಾರ ಹಾಕುವ ಕೆಲಸ ಅವರದು. ಹಾರ ಹಾಕಿದರೆ ಕೌಂಟರ್ ಬರುತ್ತದೆ ಎಂದು ರೇವಣಸಿದ್ದಪ್ಪನವರು ಎಲ್ಲರಿಗೂ ಹೇಳಿಟ್ಟಿದ್ದರು. ಕ್ರೇಗ್ ಸಿಡುಕಲಿಲ್ಲ. ಸಿಡುಕಿದ್ದರೆ ಚೆನ್ನಾಗಿತ್ತು. ಪೇಟ ತಲೆಯ ಮೇಲೆ ಕೂರುತ್ತಿದ್ದ ಹಾಗೆ ಆತನ ಮುಖ ಮದುವೆ ಗಂಡಿನ ಹಾಗೆಯೇ ಅರಳಿತು. ಅಜ್ಜಿ ತುದಿಗಾಲಲ್ಲಿ ನಿಂತು ಹಾರ ಹಾಕಿದರು. ಆತನ ಜೊತೆಗೆ ಬಂದಿದ್ದ ಫೋಟೋಗ್ರಾಫರ್ ಇನ್ನೊಮ್ಮೆ ಹಾಕಿ ಎಂದು ಅವರಿಂದ ಮತ್ತೊಮ್ಮೆ ಹಾಕಿಸಿದ.

ಆಮೇಲೆ ರೇವಣಸಿದ್ದಪ್ಪನವರು ಮೈಕು ಹಿಡಿದು, ಈ ಬಡಾವಣೆಯ ಹಿರಿಯರಿಗೆ ವಾರಕ್ಕೆರಡು ದಿನದ ಕೌಂಟರ್ ಬೇಕೆಂದು ಸ್ಪಷ್ಟವಾಗಿ ಕೇಳಿದರು. ಸಭೆ ಚಪ್ಪಾಳೆ ತಟ್ಟಿತು. ಮೈಕನ್ನು ಕ್ರೇಗ್ ಕೈಗೆ ಕೊಟ್ಟು, ಇನ್ನೇನು ಬಂತು ಎಂಬಂತೆ ನನ್ನ ಕಡೆ ನೋಡಿದರು.

ಆತ ಎದೆಯ ಮೇಲೆ ಕೈ ಇಟ್ಟುಕೊಂಡ. ಇಂಥ ಗೌರವ ತನಗೆ ಬದುಕಿನಲ್ಲೇ ಸಿಕ್ಕಿರಲಿಲ್ಲ ಎಂದ. ರೇ ಹೇಳಿದ ಮಾತು ನನಗೆ ಕೇಳಿಸಿತು, ಮನಸ್ಸಿಗೆ ತಾಕಿತು ಎಂದ. ಟ್ಯಾಬ್ಲೆಟ್‌ಗಳ ಮೇಲಿನ ರಿಬ್ಬನ್ನು ಕತ್ತರಿಸಿದ. ಟ್ರಾಫಿಕ್ ಶುರುವಾಗುವುದರೊಳಗೆ ಹೊರಡಬೇಕೆಂದು ಪೇಟದ ಸಮೇತ ಕಾರು ಹತ್ತಿ ಹೊರಟೇಹೋದ. ಯಾವ ಘೋಷಣೆಯೂ ಇಲ್ಲ. ರೇವಣಸಿದ್ದಪ್ಪನವರು ವೇದಿಕೆ ಇಳಿದು ಕುರ್ಚಿಗಳನ್ನು ಎತ್ತಿಟ್ಟರು. ಆತ ಫೋನಿನಲ್ಲಾದರೂ ಹೇಳಿಯಾನು ಎಂದು ಮೂರು ವಾರ ಕಾದರು.

ಹೇಳಿದ್ದು ಬ್ಯಾಂಕಿನ ವಾರ್ಷಿಕ ವರದಿ. ಅದರ ರಕ್ಷಾಪುಟದಲ್ಲಿ ಕೆಂಪು ಪೇಟದ ಕ್ರೇಗ್, ತುದಿಗಾಲಲ್ಲಿ ನಿಂತ ಅಜ್ಜಿ. ಸಿಟಿ ಹೈಟ್ಸ್‌ನ ಜನ ಡಿಜಿಟಲ್ ಬ್ಯಾಂಕಿಂಗನ್ನು ಸಂಭ್ರಮದಿಂದ ಬರಮಾಡಿಕೊಂಡರು ಎಂದು ಕೆಳಗೆ ಬರಹ. ಶಾಖೆ ಮುಚ್ಚಬೇಡಿ ಎಂದು ಬಡಾವಣೆಯ ಕೆಲವರು ಸರ್ಕಾರಕ್ಕೆ ಅರ್ಜಿ ಹಾಕಿದ್ದರು. ಬ್ಯಾಂಕು ಅದಕ್ಕೆ ಕೊಟ್ಟ ಉತ್ತರದಲ್ಲೂ ಅದೇ ಫೋಟೋ ಇತ್ತು. ಜನರಿಗೆ ಬೇಸರವಿದ್ದರೆ ಹಾರ ಯಾಕೆ ಹಾಕುತ್ತಿದ್ದರು ಎಂದು ಕೇಳಿದರೆ ಯಾರು ತಾನೇ ಏನು ಹೇಳಬೇಕು?

ನನಗೆ ಉರಿದುಹೋಯಿತು. ಅವರ ಅಡುಗೆಮನೆಯಲ್ಲೇ ನಿಂತು ಕೂಗಾಡಿದೆ. ಕೆಲಸ ಬಿಡಿ, ಪತ್ರಿಕೆಗೆ ಹೇಳಿ, ಏನಾದರೂ ಮಾಡಿ ಎಂದೆ. ನಮ್ರತಾ ರೊಟ್ಟಿ ಬಡಿಯುತ್ತಿದ್ದಳು. ಇವರು ವರದಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಶಾಲಿನ ಅಂಚು ಚೆನ್ನಾಗಿ ಬಂದಿದೆ ಎಂದರು. ಅವತ್ತು ನಾನು ಊಟ ಮಾಡದೆ ಎದ್ದು ಬಂದೆ.

ಶಾಖೆ ಮುಚ್ಚಿತು. ನೌಕರರಿಗೆ ಸ್ವಯಂಸೇವೆಗೆಂದು ಬ್ಯಾಂಕು ಕೊಡುವ ರಜೆಯನ್ನೆಲ್ಲ ಇವರು ಮಂಗಳವಾರಗಳಿಗೆ ಹೊಂದಿಸಿಕೊಂಡು ಸೀನಿಯರ್ ಸೆಂಟರಿನಲ್ಲಿ ಒಂದು ಮಡಚುವ ಮೇಜು ಹಾಕಿ ಕೂರತೊಡಗಿದರು. ರಜೆ ಮುಗಿದ ಮೇಲೆ ಸಂಬಳ ಕತ್ತರಿಸಿಕೊಳ್ಳಿ ಎಂದು ಬರೆದುಕೊಟ್ಟು ಕೂತರು. ಪಾಠ, ನೆರವು ಲೆಕ್ಕಕ್ಕುಂಟಲ್ಲ. ಆ ಮಂಗಳವಾರಗಳನ್ನೂ ಬ್ಯಾಂಕು ತನ್ನ ಸೇವೆಯೆಂದೇ ಪರೀಕ್ಷಕರಿಗೆ ತೋರಿಸಿತು. ಅಷ್ಟಾಗಿ ಆ ಮೇಜಿನಲ್ಲಿ ಏನು ಸಾಧ್ಯ? ಚೆಕ್ಕು ನಗದಾಗುವುದಿಲ್ಲ, ದುಡ್ಡು ಕಟ್ಟಲಾಗುವುದಿಲ್ಲ. ಬಂದ ಕಾಗದ ಓದಿ ಹೇಳಬಹುದು, ಫೋನು ಮಾಡಿದವನು ಕಳ್ಳನೋ ಅಲ್ಲವೋ ಹೇಳಬಹುದು. ಟ್ಯಾಬ್ಲೆಟ್‌ಗಳು ಬೀರುವಿನಲ್ಲಿ ಭದ್ರವಾಗಿದ್ದವು.

ಹೋದ ತಿಂಗಳು ಮಿಸೆಸ್ ಒರ್ಟೇಗಾ ಚೆಕ್ಕು ತಂದಿದ್ದರು. ಮಂಡಿನೋವು, ಎರಡು ಬಸ್ಸು ಹತ್ತಲಾರೆ ಎಂದರು. ರೇವಣಸಿದ್ದಪ್ಪನವರಿಂದ ನನಗೆ ಫೋನು ಬಂತು. ‘ಅಕ್ಕಾರ’ ಎಂದ ತಕ್ಷಣ ನಾನು ಕೀ ಹುಡುಕಿಕೊಂಡು ಹೊರಟೆ. ಇಬ್ಬರನ್ನೂ ಕೂರಿಸಿಕೊಂಡು, ದಾರಿಯುದ್ದಕ್ಕೂ ಕನ್ನಡದಲ್ಲಿ ಅವರನ್ನು ಬೈಯುತ್ತ, ದೂರದ ಆ ಶಾಖೆಗೆ ಹೋದೆ.

ಒಳಗೆ ಉದ್ದ ಕ್ಯೂ. ಗೋಡೆಯ ಮೇಲೆ, ಕೌಂಟರಿನ ಪಕ್ಕದಲ್ಲೇ, ಆಳೆತ್ತರಕ್ಕೆ ದೊಡ್ಡದು ಮಾಡಿದ ಅದೇ ಫೋಟೋ. ಅಜ್ಜಿ ಕ್ಯೂನಲ್ಲಿ ನಿಂತು ತಮ್ಮನ್ನೇ ತಾವು ನೋಡಿಕೊಂಡರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. ಆಮೇಲೆ ರೇವಣಸಿದ್ದಪ್ಪನವರ ತೋಳು ಹಿಡಿದು ತಮ್ಮ ಅರೆಬರೆ ಇಂಗ್ಲಿಷಿನಲ್ಲಿ, ಬೇಸರವೇನೂ ಇಲ್ಲದೆ, ತಿಳಿದುಕೊಳ್ಳುವುದಕ್ಕೆಂದೇ ಕೇಳಿದರು:

“ಈ ಮನುಷ್ಯ ಕೊನೆಗೂ ಏನು ಹೇಳಿದ, ರೇ?”

ಆತ ಏನೂ ಹೇಳಿರಲಿಲ್ಲ. ನೋಟೀಸಿನಲ್ಲಾಗಲಿ ವರದಿಯಲ್ಲಾಗಲಿ ಯಾರೂ ಇಲ್ಲ ಎಂಬ ಮಾತನ್ನು ಹೇಳಿರಲಿಲ್ಲ. ಇವರು ಏನಾದರೂ ಹಾರಿಕೆಯ ಮಾತು ಹೇಳಿ ಸಮಾಧಾನ ಮಾಡುತ್ತಾರೆಂದುಕೊಂಡು ನಾನು ಬೈಯಲು ತಯಾರಾಗಿದ್ದೆ. ಅವರು ಫೋಟೋ ನೋಡಲಿಲ್ಲ, ಅಜ್ಜಿಯ ಮುಖವನ್ನೇ ನೋಡಿದರು.

“ನಾವು ಆಗುವುದಿಲ್ಲ ಎಂದೆವು, ಅಮ್ಮಾ,” ಎಂದರು.

ಅವನು ಎನ್ನಲಿಲ್ಲ, ಬ್ಯಾಂಕು ಎನ್ನಲಿಲ್ಲ, ನಾವು ಎಂದರು. ಅಜ್ಜಿ ತಲೆಯಾಡಿಸಿ ಅವರ ತೋಳು ಬಿಡದೆ ಹಾಗೆಯೇ ನಿಂತರು. ನನಗೆ ಬೈಯುವುದಕ್ಕೆ ಏನೂ ಉಳಿಯಲಿಲ್ಲ. ಕ್ಯೂ ಒಂದು ಹೆಜ್ಜೆ ಮುಂದೆ ಹೋಯಿತು, ನಾವು ಮೂವರೂ ಹೋದೆವು.