ಗುಂಡುಕಲ್ಲಿನ ಬಾಣಂತನ

ನನ್ನ ಅಡುಗೆಮನೆಯಲ್ಲಿ ಇನ್ನೊಬ್ಬರ ಕೈ ಆಡುವುದು ನನಗೆ ಆಗಿಬರುವುದಿಲ್ಲ. ಉಪ್ಪಿನ ಡಬ್ಬಿ ತುಸು ಆಚೆ ಸರಿದಿದ್ದರೂ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಬಾಯಿ ಸುಮ್ಮನಿರುವುದಿಲ್ಲ. ಸೊಸೆಯರು ಇಲ್ಲದ್ದು ಅವರ ಪುಣ್ಯ ಎಂದು ನಮ್ಮ ಯಜಮಾನರು ಬಂದವರ ಮುಂದೆಲ್ಲ ಹೇಳುತ್ತಾರೆ. ಇಂಥ ಅಡುಗೆಮನೆಗೆ ಕಳೆದ ಚಳಿಗಾಲದಲ್ಲಿ ಎರಡೂವರೆ ವರ್ಷದ ಮೊಮ್ಮಗಳು ಬಂದು ಒಡತಿಯಾಗಿ ಕುಳಿತಳು.

ಮಗಳು ಎರಡನೆಯ ಹೆರಿಗೆಗೆ ತವರಿಗೆ ಬಂದಿದ್ದಳು. ನಮ್ಮದು ಸಂಶಿಯ ಹತ್ತಿರದ ಸಣ್ಣ ಹಳ್ಳಿ. ಗಂಡು ಕೂಸು ಹುಟ್ಟಿತು, ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದರು, ಎಲ್ಲರಿಗೂ ಸಕ್ಕರೆ ಹಂಚಿದ್ದಾಯಿತು. ಅಷ್ಟರಲ್ಲಿ ಕೂಸು ನೋಡಲು ಬಂದ ಬಾಜೂ ಮನೆಯ ಹೆಂಗಸು ಮೊಮ್ಮಗಳ ಗಲ್ಲ ಹಿಂಡಿ ಒಂದು ಮಾತು ಆಡಿಬಿಟ್ಟಳು.

"ಏನವಾ, ನಿನ್ನ ಜಾಗಾ ಹೋತಲ್ಲ! ಇನ್ನ ಅವ್ವ ನಿನ್ನಾಕಿ ಅಲ್ಲ, ಪಾಪುನಾಕಿ."

ಚೇಷ್ಟೆಗೆ ಆಡಿದ ಮಾತು. ನಮ್ಮ ಕಡೆ ಎಲ್ಲ ಮಕ್ಕಳಿಗೂ ಹೀಗೆ ಕಾಡುತ್ತಾರೆ. ಈ ಹುಡುಗಿ ಮಾತ್ರ ಅದನ್ನು ಅಕ್ಷರಶಃ ನಂಬಿದಳು. ಅಂದಿನಿಂದ ಬಾಣಂತಿ ಕೋಣೆಯ ಒಳಗೆ ಕಾಲಿಡಲಿಲ್ಲ. ಅವ್ವ ಕರೆದರೆ ಬಾಗಿಲಲ್ಲಿ ನಿಂತು, "ಒಲ್ಲೆ. ನೀ ಪಾಪುನ ಅವ್ವ," ಎಂದು ಹೇಳಿ ಓಡಿಬಂದು ನನ್ನ ಸೀರೆಯೊಳಗೆ ಮುಖ ಮುಚ್ಚಿಕೊಳ್ಳುವಳು. ಒಳಗೆ ಮಗಳು ಅಳುವಳು.

"ಬಾಣಂತಿ ಆದಾಕಿ ಅಳಬಾರದು, ಕಣ್ಣಿಗೆ ನಂಜ ಆಗ್ತೈತಿ," ಎಂದು ನಾನು ಬೈಯುತ್ತಿದ್ದೆ.

"ಯವ್ವಾ, ನನ್ನ ಮಗಳು ನನ್ನ ಕಡೆ ಬರವಲ್ಲಳು. ಅಳಬ್ಯಾಡ ಅಂದ್ರ ಹೆಂಗ ಬೇ?"

ನಾನು ಎದ್ದು ಹೋಗಿ, ಬಾಜೂ ಮನೆಯವಳಿಗೆ ಕೊಡಬೇಕಾದ ಉತ್ತರವನ್ನು ಗೋಡೆಯ ಮೇಲಿಂದಲೇ ಕೊಟ್ಟು ಬಂದೆ.

ಮೊಮ್ಮಗಳನ್ನು ಹೇಗಾದರೂ ನಗಿಸಬೇಕೆಂದು ಅಡುಗೆಮನೆಯಲ್ಲಿ ಅವಳಿಗೊಂದು ಮಣೆ ಹಾಕಿಕೊಟ್ಟೆ. ಮೊದಲ ದಿನ ಶೇಂಗಾ ಉಂಡಿ. ಹುರಿದು ತಿಕ್ಕಿದ ಶೇಂಗಾವನ್ನು ಮೊರದಲ್ಲಿ ಹಾಕಿ, ಸಿಪ್ಪೆ ಹಾರಲೆಂದು "ಊದು" ಎಂದೆ. ಅವಳು ಊದಿದ ರಭಸಕ್ಕೆ ಸಿಪ್ಪೆಯೆಲ್ಲ ನನ್ನ ತಲೆಗೆ ಬಂತು. ಅವಳು ಬಿದ್ದು ಬಿದ್ದು ನಕ್ಕಳು. ಕುಟ್ಟಿದ ಶೇಂಗಾಕ್ಕೆ ಬೆಲ್ಲ ಕಲಸಿ ಕೊಟ್ಟರೆ ಉಂಡಿಯನ್ನು ಅಂಗೈಯಲ್ಲಿ ಕಟ್ಟುವ ಪದ್ಧತಿ ಅವಳಿಗೆ ಸೇರಲಿಲ್ಲ. ಅಂಗಿ ಎತ್ತಿ ಹೊಟ್ಟೆಯ ಮೇಲೆ ಉರುಳಿಸಿ ಉಂಡಿ ಮಾಡಿದಳು. ಅದನ್ನು ತಮ್ಮ ಪಾಲಿಗೆ ಪಡೆದ ಯಜಮಾನರು ತಿಂದು, "ಅಗದಿ ಬೆಸ್ಟ್ ಆಗೇತಿ," ಎಂದರು. ಎಲ್ಲಿ ಕಟ್ಟಿದ್ದೆಂದು ನಾನು ಹೇಳಲಿಲ್ಲ. ಮರುದಿನ ಬಿಸಿ ಚಪಾತಿಗೆ ಬೆಲ್ಲ ತುಪ್ಪ ಹಾಕಿ ಚೂರು ಮಾಡಿ ಕೊಟ್ಟರೆ, ಅರ್ಧ ತಾನು ತಿಂದು ಉಳಿದರ್ಧವನ್ನು ನನ್ನ ಹಿಟ್ಟಿನ ಡಬ್ಬಿಗೆ ಉಣಿಸಿದಳು. ನಾನು ಬೈದೆನೇ? ಇಲ್ಲ. ನನಗೇ ಆಶ್ಚರ್ಯ.

ಹೀಗೆ ಎಲ್ಲವೂ ಹಳಿಗೆ ಬರುತ್ತಿರುವಾಗ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ನಮ್ಮಲ್ಲಿ ಹೆಸರಿಡುವ ಮೊದಲು ಕೂಸನ್ನು ನೇರವಾಗಿ ತೊಟ್ಟಿಲಿಗೆ ಹಾಕುವುದಿಲ್ಲ. ಖಾರ ಅರೆಯುವ ಗುಂಡುಕಲ್ಲನ್ನು ತೊಳೆದು, ಅದಕ್ಕೆ ಕೂಸಿನ ಕುಂಚಿಗೆ ತೊಡಿಸಿ, ಕುಂಕುಮ ಹಚ್ಚಿ ಮೊದಲು ಅದನ್ನು ಮಲಗಿಸುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು. ನಮ್ಮದು ಒರಳಿನ ದೊಡ್ಡ ಗುಂಡಲ್ಲ, ಒಂದೇ ಕೈಯಲ್ಲಿ ಹಿಡಿದು ಅರೆಯುವ ಸಣ್ಣದು. ಮುತ್ತೈದೆಯರು ಅದನ್ನು ತೊಟ್ಟಿಲ ಮೇಲೆ ಕೆಳಗೆ ದಾಟಿಸಿ, ಹಾಡಿ, ತೂಗಿದರು. ಮೊಮ್ಮಗಳು ನನ್ನ ಸೊಂಟದ ಮೇಲೆ ಕುಳಿತು ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಕಲ್ಲನ್ನು ತೆಗೆದು ಗೋಡೆಯ ಬದಿಗಿಟ್ಟು ಕೂಸನ್ನು ಮಲಗಿಸಿದರು. ಎಲ್ಲರೂ ಕೂಸಿನ ಕಡೆ ತಿರುಗಿದರು.

ಅವಳು ಮೆಲ್ಲಗೆ ನನ್ನ ಸೊಂಟದಿಂದ ಇಳಿದು ಕಲ್ಲಿನ ಹತ್ತಿರ ಹೋಗಿ ಕುಳಿತಳು. ಕುಂಚಿಗೆ ಸರಿಮಾಡಿದಳು. ಎರಡೂ ಕೈಯಿಂದ ಎದೆಗೆ ಅವುಚಿ ಎತ್ತಿಕೊಂಡು, ಬಗ್ಗಿ, ಅದರ ಮುಖ ಇರಬೇಕಾದಲ್ಲಿ ಒಂದು ಮುತ್ತು ಕೊಟ್ಟಳು.

ಕುಂದಗೋಳ ಸೀಮೆಯ ಮೆಣಸಿನಕಾಯಿ ಎಷ್ಟೋ ವರ್ಷ ಕುಡಿದ ಕಲ್ಲು ಅದು. ಒಂದು ಸಲ ತೊಳೆದರೆ ಖಾರ ಹೋದೀತೆ? ಹೆಸರಿಡುವ ಹೊತ್ತಿಗೆ ಸರಿಯಾಗಿ ಮೊಮ್ಮಗಳು ಮನೆ ಹಾರಿಹೋಗುವಂತೆ ನನ್ನನ್ನು ಕೂಗಿ ಕಿರುಚಿದಳು.

"ಆಯೀ, ಪಾಪು ಕಚ್ಚಿತೂ!"

ಎಲ್ಲರೂ ತೊಟ್ಟಿಲ ಕಡೆ ನೋಡಿದರು. ಹಲ್ಲೇ ಇಲ್ಲದ ಕೂಸು ಪಾಪ ಮಲಗಿತ್ತು. ಮೊಮ್ಮಗಳ ತುಟಿಗೆ ತುಪ್ಪ ಹಚ್ಚಿ, ಕಲ್ಲು ತೆಗೆದುಕೊಳ್ಳಲು ಹೋದರೆ ಅವಳು ಬಿಡಲಿಲ್ಲ. ಕಚ್ಚಿದರೂ ಅದು ಅವಳ ಪಾಪು.

ಸುಮ್ಮನಿದ್ದರೆ ಸಾಕೆಂದು ಬಿಟ್ಟೆ. ಅಲ್ಲಿಂದ ಶುರುವಾಯಿತು ಗುಂಡುಕಲ್ಲಿನ ಬಾಣಂತನ. ನನ್ನ ಕೈವಸ್ತ್ರ ತಲೆಗೆ ಬಿಗಿದುಕೊಂಡು ಅವಳು ಬಾಣಂತಿಯಾದಳು. ಕಲ್ಲಿಗೆ ದಿನಾ ಎಣ್ಣೆ ಹಚ್ಚಿ ಎರೆಯಬೇಕು. ಲೋಬಾನದ ಹೊಗೆ ಹಾಕಬೇಕು. ಅದು ಮಲಗಿದಾಗ ನಾನು ಒಗ್ಗರಣೆ ಹಾಕಬಾರದು, ಸಪ್ಪಳವಾಗುತ್ತದೆ. ಖಾರ ಅರೆಯುವುದಂತೂ ನಿಂತೇಹೋಯಿತು. ಮಿಕ್ಸರಿನಲ್ಲಿ ತಿರುವಿದ ಚಟ್ನಿಯನ್ನು ಯಜಮಾನರು ರೊಟ್ಟಿಗೆ ಹಚ್ಚಿಕೊಂಡು, ಯಾರೋ ಸತ್ತ ಮನೆಯಲ್ಲಿ ಕುಳಿತವರ ಹಾಗೆ ಉಣ್ಣುತ್ತಿದ್ದರು.

"ಒಂದು ಗೊಂಬಿ ತಂದು ಕೊಟ್ರ ಕಲ್ಲ ಬಿಡ್ತಾಳ ನೋಡ," ಎಂದು ಅವರೇ ಸಂಶಿಯ ಪೇಟೆಗೆ ಹೋಗಿ ಕಣ್ಣು ಮುಚ್ಚಿ ತೆರೆಯುವ ಗೊಂಬೆ ತಂದರು. ಅವಳು ಅದನ್ನು ಒಮ್ಮೆ ನೋಡಿದಳು. ಒಯ್ದು ರೊಟ್ಟಿ ಬುಟ್ಟಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದಳು. ಮಧ್ಯಾಹ್ನ ರೊಟ್ಟಿಗೆ ಕೈ ಹಾಕಿದ ಯಜಮಾನರು ಕೂಗಿದ ಕೂಗು ಓಣಿಗೆಲ್ಲ ಕೇಳಿತು.

ನನಗೆ ಸಿಟ್ಟು ಬಂತು. ಅಷ್ಟು ಚಂದದ ಗೊಂಬೆ ಬಿಟ್ಟು ಈ ಕರಿ ಕಲ್ಲಿನಲ್ಲಿ ಏನು ಕಂಡಳಪ್ಪ ಎಂದು ಗೊಣಗುತ್ತ ಪಾತ್ರೆ ತಿಕ್ಕುತ್ತಿದ್ದೆ. ತಿಕ್ಕುತ್ತಿದ್ದ ಕೈ ಹಾಗೇ ನಿಂತಿತು. ತೊಟ್ಟಿಲಲ್ಲಿ ಮೊದಲು ಮಲಗಿದ್ದು ಆ ಕಲ್ಲು. ಇನ್ನೊಂದು ಕೂಸು ಬಂತೆಂದು ಅದನ್ನು ತೆಗೆದು ಗೋಡೆಗಿಟ್ಟರು, ಮತ್ತೆ ಯಾರೂ ತಿರುಗಿ ನೋಡಲಿಲ್ಲ. ಅವಳೊಬ್ಬಳೇ ನೋಡಿದಳು. ಆ ದಿನದಿಂದ ಕಲ್ಲು ಕೇಳುವುದನ್ನು ಬಿಟ್ಟೆ.

ಆದರೆ ನನ್ನ ತಾಳ್ಮೆ ಉದ್ದನೆಯದಲ್ಲ. ಒಂದು ಮಧ್ಯಾಹ್ನ ಬಾಣಂತಿಗೆಂದು ಅಂಟಿನ ಉಂಡಿ ಮಾಡಲು ಕುಳಿತೆ. ಅಂಟೆಂದರೆ ತಿನ್ನುವ ಗೋಂದು, ಕಾದ ತುಪ್ಪದಲ್ಲಿ ಬಿಟ್ಟರೆ ಚುರುಮುರಿಯ ಹಾಗೆ ಅರಳುತ್ತದೆ. ಒಲೆಯಿಂದ ದೂರ ಮಣೆಯ ಮೇಲೆ ಕುಳಿತ ಮೊಮ್ಮಗಳು ಪ್ರತಿ ಸಲ ಅರಳಿದಾಗಲೂ "ಹೋ!" ಎಂದು ಕಲ್ಲಿಗೆ ತೋರಿಸುತ್ತಿದ್ದಳು. ಕರಿದದ್ದನ್ನು ಪುಡಿಮಾಡಿ, ಉತ್ತತ್ತಿ, ಒಣಕೊಬ್ಬರಿ, ಗಸಗಸೆ ಸೇರಿಸಿ, ಬೆಲ್ಲದ ಪಾಕ ಹಾಕಿ, ಕೈ ತಾಳುವಷ್ಟು ಆರಿದ ಮೇಲೆ ಅವಳ ಮುಂದೂ ಒಂದು ಹಿಡಿ ಇಟ್ಟೆ. ಅವಳು ಎರಡೂ ಕೈಯಿಂದ ಒತ್ತಿ ಒಂದು ಸೊಟ್ಟ ಉಂಡಿ ಕಟ್ಟಿದಳು. ಆಮೇಲೆ ನನ್ನ ತಾಟಿಗೆ ಕೈ ಹಾಕಿದಳು.

"ಅವು ಬಾಣಂತಿ ಉಂಡಿ, ಮುಟ್ಟಬ್ಯಾಡ."

"ನಾ ಬಾಣಂತಿ."

"ಅವು ನಿಮ್ಮವ್ವಗ."

"ನಾ ಬಾಣಂತಿ! ಪಾಪು ಐತಿ!" ಎಂದು ಕಲ್ಲನ್ನು ಎತ್ತಿ ತಾಟಿನ ನಡುವೆ ದೊಪ್ಪನೆ ಇಟ್ಟಳು. ಕಟ್ಟಿಟ್ಟ ಉಂಡಿಗಳು ನಾಲ್ಕೂ ದಿಕ್ಕಿಗೆ ಉರುಳಿದವು. ಪಾಕ ಆರುತ್ತಿತ್ತು, ಆರಿದರೆ ಉಂಡಿ ಕಟ್ಟಲು ಬರುವುದಿಲ್ಲ. ನನ್ನ ಬಾಯಿ ಹರಿಯಿತು.

"ಬಾಣಂತಿ ಆದಾಕಿ ತನ್ನ ಅವ್ವನ ಕಡೆ ಹೋಗಬೇಕು! ನಿಮ್ಮವ್ವ ಬಂದಿಲ್ಲೇನು ನನ್ನ ಕಡೆ? ನೀನೂ ಹೋಗ ನಿಮ್ಮವ್ವನ ಕಡೆ! ನನ್ನ ತಲಿ ಯಾಕ ತಿನ್ನಾಕತ್ತಿ?"

ಅಂದ ಮೇಲೆ ಇದು ಅತಿಯಾಯಿತೆಂದು ಅನಿಸಿತು. ಅಳುತ್ತಾಳೆಂದು ಕಾದೆ. ಅವಳು ಅಳಲಿಲ್ಲ. ತಲೆಯ ಕೈವಸ್ತ್ರ ಸರಿಮಾಡಿಕೊಂಡು ನನ್ನನ್ನು ನೋಡಿದಳು, ಬಾಣಂತಿ ಕೋಣೆಯ ಬಾಗಿಲು ನೋಡಿದಳು. ನಾನು ಆಡಿದ್ದರಲ್ಲಿ ಅವಳಿಗೆ ಏನೋ ನ್ಯಾಯ ಕಂಡಿರಬೇಕು. ಕಲ್ಲನ್ನು ಎತ್ತಿ, ಕುಂಚಿಗೆಗೆ ಅಂಟಿದ ಗಸಗಸೆ ಒರೆಸಿ, ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು.

"ಆಯಿ, ನೀ ಹಿಡಿ. ಮೆಲ್ಲಕ ಬಡಿ, ಮಕ್ಕೋತೈತಿ. ನಾ ಅವ್ವನ ಕಡೆ ಹೊಂಟೆ."

ತನ್ನ ಸೊಟ್ಟ ಉಂಡಿಯನ್ನು ಮುಷ್ಟಿಯಲ್ಲಿ ಹಿಡಿದು ನಡೆದೇಬಿಟ್ಟಳು. ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಒಳಗೆ ಹೋದಳು.

"ಅವ್ವಾ, ನಾ ಬಾಣಂತಿ. ಬಂದೆ."

ಮಂಚ ಕಿರುಗುಟ್ಟಿತು, ಯಾರೋ ಹತ್ತುವಾಗ ಕಿರುಗುಟ್ಟುವ ಹಾಗೆ. "ಸರಿ, ಇನ್ನಷ್ಟು ಸರಿ," ಎಂದು ಸಣ್ಣ ದನಿ ಜಬರ್ದಸ್ತಿ ಮಾಡಿತು. ಆಮೇಲೆ ಮಗಳು ಬಿಕ್ಕುವುದು ಕೇಳಿತು. ಬಾಣಂತಿ ಅಳಬಾರದೆಂದು ಬೈಯಲು ಬಾಯಿ ತೆರೆದೆ. ಆದರೆ ಮೊದಲು ನನ್ನ ಕಣ್ಣನ್ನೇ ತೋಳಿಗೆ ಒರೆಸಿಕೊಳ್ಳಬೇಕಾಯಿತು.

ತುಪ್ಪದ ಕೈ ಹಾಗೇ ಇತ್ತು, ಪಾಕ ಗಟ್ಟಿಯಾಗುತ್ತಿತ್ತು. ನಾನು ಏಳಲಿಲ್ಲ. ಹೊಲದಿಂದ ಬಂದ ಯಜಮಾನರು ಹೊಸ್ತಿಲಲ್ಲಿ ನಿಂತು, "ಏನ ಇದು, ಉಂಡಿ ಎಲ್ಲಾ ನೆಲಕ್ಕ ಬಿದ್ದಾವು? ಕಲ್ಲ ಹಿಡಕೊಂಡು ಏನ್ ಮಾಡಾಕತ್ತಿ?" ಎಂದು ಹೊಲದ ದನಿಯಲ್ಲೇ ಕೇಳಿದರು.

ಅವರು ಕೇಳಿದ ಮೇಲೆಯೇ ನನ್ನ ಕೈ ಏನು ಮಾಡುತ್ತಿದೆಯೆಂದು ನೋಡಿದೆ. ಅದು ಕಲ್ಲನ್ನು ಮೆಲ್ಲಗೆ ತಟ್ಟುತ್ತಿತ್ತು.

"ಸಪ್ಪಳ ಮಾಡಬ್ಯಾಡ್ರಿ," ಎಂದೆ. "ಈಗರ ಮಕ್ಕೊಂಡೈತಿ."