ಪತ್ತೇದಾರಕ್ಕನ ಕರ್ಚೀಫು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಂಗಡಿಯೊಂದರ ಮಹಡಿ ಮೇಲಿನ ಕೋಣೆಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಬಳೆ ಕಳಚಿಟ್ಟು, ಬರಿಗಾಲಲ್ಲಿ ನಿಂತಲ್ಲೇ ಓಡುತ್ತಿದ್ದಾರೆ. ಎದುರಿನ ಪರದೆಯಲ್ಲಿ ಕಾರ್ಟೂನಿನ ಹುಡುಗನೊಬ್ಬ ಕಳ್ಳರ ವ್ಯಾನಿನ ಹಿಂದೆ ಬಿದ್ದಿದ್ದಾನೆ. ಓಟ ಅವನದು, ಏದುಸಿರು ಇವರದು. ಗೋಡೆಗೆ ಕಂಬಳಿ ಹೊದಿಸಿದ್ದರೂ ಬೀದಿಯ ಹಾರ್ನು ಒಳಗೆ ನುಸುಳುತ್ತದೆ. ಹಾಗಾಗಿ ಕೆಲಸವೆಲ್ಲ ಊರು ಏಳುವ ಮೊದಲೇ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನು, ಕುರ್ಚಿ ಎಲ್ಲಿ ಕಿರುಗುಟ್ಟೀತೋ ಎಂದು ಅಲುಗಾಡುತ್ತಿಲ್ಲ.

ಶಾಲೆಯಿಂದ ಬಂದವರೇ ಚೀಲ ಎಸೆದು ಟಿವಿ ಮುಂದೆ ಕೂರುತ್ತಿದ್ದ ಒಂದು ತಲೆಮಾರಿಗೆ ಈ ದನಿ ಗೊತ್ತು, ಮುಖ ಗೊತ್ತಿಲ್ಲ. ಮೂವರು ಪುಟಾಣಿ ಪತ್ತೇದಾರರ ಆ ಸರಣಿಯಲ್ಲಿ ಮುಂದಾಳು ಹುಡುಗನಿಗೆ ಕಂಠದಾನ ಮಾಡಿದವರು ಇವರು. ಸ್ಟುಡಿಯೋದವರ ಬಾಯಲ್ಲಿ ‘ಪತ್ತೇದಾರಕ್ಕ’. ಅಪಹರಣದ ಕಂತಿನಲ್ಲಿ ಕಲಾವಿದರು ಸಾಲದೆ, ಕಳ್ಳರು ಹೊತ್ತೊಯ್ದ ಮಗುವೂ ಇವರೇ ಆದರು. ಬಾಯಿ ಕಟ್ಟಿದ ಮಗುವಿನ ನರಳಾಟಕ್ಕೆ ಕರ್ಚೀಫು ಮಡಚಿ ಕಚ್ಚಿಕೊಂಡರು. ಆ ಕಂತು ಬಂದ ಸಂಜೆ ಅಕ್ಕಪಕ್ಕದ ಮಕ್ಕಳೆಲ್ಲ ಕಳ್ಳ ಯಾರೆಂದು ತಲೆ ಕೆಡಿಸಿಕೊಂಡಿದ್ದರೆ, ಇವರ ಪುಟ್ಟ ಮಗಳು ಮಾತ್ರ ಒಂದೇ ಸಮನೆ ಅತ್ತಳಂತೆ.

“ನಮ್ಮಮ್ಮನ್ನ ಕಟ್ಟಾಕಿದಾರೆ ಅಂತ. ನಾನು ಪಕ್ಕದಲ್ಲೇ ಕೂತಿದೀನಿ, ಆದ್ರೂ ಸುಮ್ಮನಾಗಲಿಲ್ಲ ನೋಡಿ.”

ಈಗ ಅದೇ ಕಥೆಯನ್ನು ಹೊಸ ಚಿತ್ರಗಳೊಂದಿಗೆ ಮತ್ತೆ ಮಾಡುತ್ತಿದ್ದಾರೆ. ದನಿ ಹಳೆಯದಕ್ಕೆ ಹೊಂದಿದರೆ ಹುಡುಗನ ಪಾತ್ರ ಇವರದೇ, ಇಲ್ಲದಿದ್ದರೆ ಬೇರೆಯವರಿಗೆ. ತೀರ್ಮಾನ ಈ ಬೆಳಗ್ಗೆಯೇ.

ಮಗುವಿನ ಕಟ್ಟು ಬಿಚ್ಚುತ್ತ ಹುಡುಗ ಹೇಳುವ ಮಾತನ್ನು ಇವರು ಮೈಕಿಗೆ ಹೇಳುತ್ತಾರೆ: “ಹೆದರ್ಬೇಡ, ನಾವು ಬಂದಿದೀವಿ.” ಧ್ವನಿಮುದ್ರಣದ ಬಕ್ಕತಲೆಯ ಯಜಮಾನರು ಚಿಕ್ಕಂದಿನಲ್ಲಿ ಈ ಸರಣಿಯನ್ನು ಒಂದು ದಿನವೂ ಬಿಟ್ಟವರಲ್ಲ. ಹಳೆಯದನ್ನೂ ಹೊಸದನ್ನೂ ಒಂದರ ಹಿಂದೊಂದು ಕೇಳಿಸಿ, ತಿರುಗಿಸಬೇಕಿಲ್ಲದ ಗುಂಡಿಯನ್ನು ತಿರುಗಿಸುತ್ತ ಕೂರುತ್ತಾರೆ. ಇನ್ನೊಮ್ಮೆ ನೋಡೋಣವೇ ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ.

“ಬೇಡಪ್ಪ, ನಂಗೂ ಕೇಳಿಸ್ತು. ಹುಡುಗನಿಗೆ ಮೀಸೆ ಬಂದ್ಬಿಟ್ಟಿದೆ.”

ಆಮೇಲೆ ಚೀಲದಿಂದ ಒಗೆದು ಮಡಚಿದ ಕರ್ಚೀಫು ತೆಗೆದು ಕಚ್ಚಿ, ಮೈಕಿನ ಮುಂದೆ ಕುಗ್ಗಿ ನಿಲ್ಲುತ್ತಾರೆ. ನರಳಾಟ ಕೋಣೆ ತುಂಬುತ್ತದೆ. ಯಜಮಾನರು ಹಳೆಯದನ್ನು ಕೇಳಿಸುತ್ತಾರೆ, ಹೊಸದನ್ನು ಕೇಳಿಸುತ್ತಾರೆ. ಯಾವುದು ಯಾವುದೆಂದು ನನಗೆ ತಿಳಿಯುವುದಿಲ್ಲ. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡು, ಮಗುವಿನ ಪಾತ್ರದ ಎದುರು ಇವರ ಹೆಸರು ಬರೆಯುತ್ತಾರೆ.

ಕೆಳಗೆ ಮೊದಲ ಹಾರ್ನು ಕೇಳಿಸುತ್ತದೆ. ಏನಾದರೂ ಆಸೆ ಉಳಿದಿದೆಯೇ ಎಂಬ ನನ್ನ ಪ್ರಶ್ನೆಗೆ ಪತ್ತೇದಾರಕ್ಕ ಒಂದೊಂದೇ ಬಳೆ ಏರಿಸಿಕೊಳ್ಳುತ್ತ ಉತ್ತರಿಸುತ್ತಾರೆ.

“ಹುಡುಗನ ಪಾತ್ರಕ್ಕೆ ಬರೋಳು ನಿಜವಾಗ್ಲೂ ಓಡ್ಲಿ, ಅಷ್ಟೇ. ಇಷ್ಟು ವರ್ಷ ನಾನು ಹುಡುಕ್ದೆ. ಇನ್ಮೇಲೆ ಅವಳು ಹುಡುಕ್ಲಿ, ನಾನು ಸಿಗ್ತೀನಿ.”