ಕುಲಕರ್ಣಿಯವರು ಚೆಲ್ಲದ ನೀರು

ಕೀಂಯ್ ಎಂಬ ಒಂದು ಸದ್ದು. ತೊಳೆದು ಒಣಗಿಸಿದ ಕಾರಿನ ಬಾನೆಟ್ ಮೇಲೆ ತೋರುಬೆರಳನ್ನು ಒತ್ತಿ ಎಳೆದರೆ ಅದು ಬರುತ್ತದೆ. ಗಾಜುವಾಕದ ಮುಖ್ಯ ರಸ್ತೆಯ ಬಸ್ಸು, ಆಟೊ, ಲಾರಿಗಳ ಗದ್ದಲದ ನಡುವೆಯೂ ರತ್ನಕುಮಾರಿಯ ಅಂಗಡಿಯಿಂದ ಆ ಸದ್ದು ನನ್ನ ಕಿವಿಗೆ ಬೀಳುತ್ತಿತ್ತು. "ಮೇಡಂ ಗಾರೂ, ಅರಚುತ್ತಿದೆ," ಎನ್ನುತ್ತಿದ್ದಳು ಅವಳು. ಬಣ್ಣ ಅರಚಿದರೆ ಅದರ ಮೈಮೇಲೆ ಏನೂ ಇಲ್ಲ ಎಂದರ್ಥ. ವ್ಯಾಕ್ಸನ್ನೋ ಸೀಲಂಟನ್ನೋ ಹಚ್ಚಿದ್ದರೆ ಬೆರಳು ಸದ್ದಿಲ್ಲದೆ ಜಾರಿಹೋಗುತ್ತದೆ.

ಕೋವಿಡ್ ಮುಗಿದು ಮದುವೆಗಳು ಮತ್ತೆ ಜೋರಾಗಿ ನಡೆಯತೊಡಗಿದ ಕಾಲ ಅದು. ನಾನು ಅಚ್ಯುತಾಪುರಂನ ಒಂದು ಪೇಂಟ್ ಕಾರ್ಖಾನೆಯ ಕ್ವಾಲಿಟಿ ಲ್ಯಾಬಿನಿಂದ ರಿಟೈರ್ ಆಗಿದ್ದೆ. ಬೆಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳಿಂದ ಕೆಮಿಸ್ಟ್ರಿಯನ್ನೂ ಟೇಬಲ್ ಮ್ಯಾನರ್ಸನ್ನೂ ಒಟ್ಟಿಗೆ ಕಲಿತವಳು ಆಂಧ್ರದ ಕಡಲ ತೀರದಲ್ಲಿ ಇಡೀ ಸರ್ವಿಸ್ ಕಳೆಯುತ್ತೇನೆಂದು ಯಾರು ಎಣಿಸಿದ್ದರು? ಊರಿಗೆ ಹಿಂತಿರುಗಲು ಮನಸ್ಸಾಗದೆ ಗಾಜುವಾಕದ ಬಾಡಿಗೆ ಫ್ಲ್ಯಾಟಿನಲ್ಲೇ ಉಳಿದು ಸಣ್ಣಪುಟ್ಟ ಅಂಗಡಿಗಳಿಗೆ ಕನ್ಸಲ್ಟಂಟ್ ಆಗಿದ್ದೆ. ಕನ್ಸಲ್ಟಂಟ್ ಎಂದರೆ ಗ್ರ್ಯಾಂಡ್ ಆಗಿ ಕೇಳಿಸುತ್ತದೆ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು, ಟೀ ಕುಡಿಯುತ್ತಾ, "ಹಾಗಲ್ಲಮ್ಮಾ, ಹೀಗೆ" ಎನ್ನುವುದಷ್ಟೇ ಅದರ ಒಳಗುಟ್ಟು.

ರತ್ನ ಮೊದಲು ಒಂದು ಕಾರ್ ಶೋರೂಮಿನ ರಿಸೆಪ್ಶನ್‌ನಲ್ಲಿದ್ದಳು. ದಿನವಿಡೀ "ವೆಲ್ಕಂ ಸರ್" ಎಂದು ನಕ್ಕು ನಕ್ಕು ದವಡೆ ನೋಯುತ್ತಿತ್ತಂತೆ. ಅದನ್ನು ಬಿಟ್ಟು ಸ್ವಂತ ಕಾರ್ ವಾಶ್ ಮತ್ತು ಪಾಲಿಶ್ ಅಂಗಡಿ ಹಾಕಿದಾಗ ಅಲ್ಲಿಯ ಮ್ಯಾನೇಜರ್, "ಬಕೆಟ್ ಮೇಡಂ ಆಗುತ್ತೀರಾ? ಆಗಿ. ಕುರ್ಚಿ ಖಾಲಿ ಇಟ್ಟಿರುತ್ತೇನೆ, ವಾಪಸ್ ಬರುತ್ತೀರಲ್ಲ," ಎಂದಿದ್ದನಂತೆ. ಅವಳು ವಾಪಸ್ ಹೋಗಿರಲಿಲ್ಲ. ಆದರೆ ಈಗ ರಸ್ತೆ ಅಗಲ ಮಾಡುವುದಕ್ಕಾಗಿ ಅವಳ ಅಂಗಡಿಯ ಜಾಗವೇ ಹೋಗುವುದು ಖಾತ್ರಿಯಾಗಿತ್ತು. ಮಳೆಗಾಲದೊಳಗೆ ಖಾಲಿ ಮಾಡಬೇಕು. ಆ ಹೊತ್ತಿಗೆ ಸರಿಯಾಗಿ, ವಿಜಯವಾಡದಲ್ಲಿ ಮದುವೆ ಕಾರುಗಳ ಟ್ರಾವೆಲ್ಸ್ ನಡೆಸುವ ಸಾಂಬಶಿವರಾವು ಎಂಬ ಹಿರಿಯರು ತಮ್ಮ ಯಾರ್ಡಿನ ಒಂದು ಮೂಲೆಯಲ್ಲಿ ಅಂಗಡಿಗೆ ಜಾಗ ಕೊಟ್ಟು, ಎಲ್ಲ ಕಾರುಗಳನ್ನೂ ಅವಳಿಗೇ ವಹಿಸಲು ಮುಂದೆ ಬಂದರು. ಒಂದು ಕಾರನ್ನು ಮಾಡಿ ತೋರಿಸಬೇಕು ಎಂಬುದಷ್ಟೇ ಅವರ ಷರತ್ತು. ಅವರು ಮೆಚ್ಚಿದರೆ ರತ್ನ ವಿಜಯವಾಡಕ್ಕೆ, ಇಲ್ಲದಿದ್ದರೆ ಮತ್ತೆ ಆ ಕುರ್ಚಿಗೆ.

ಹಚ್ಚುವುದೇನು ಎಂಬುದೇ ಪ್ರಶ್ನೆ. ಸ್ಪ್ರೇ ವ್ಯಾಕ್ಸೋ, ಸೀಲಂಟೋ? ಓದುವವರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಗಾಜಿನಂಥ ತೆಳು ಪದರವಿರುತ್ತದೆ. ನಾವು ಕೈಯಾರೆ ಹಚ್ಚುವುದೆಲ್ಲ ಅದರ ರಕ್ಷಣೆಗೆ. ಸ್ಪ್ರೇ ವ್ಯಾಕ್ಸ್ ತಲೆಗೆ ಹಚ್ಚುವ ಎಣ್ಣೆಯ ಹಾಗೆ: ಸಿಂಪಡಿಸಿ ಒರೆಸಿದರೆ ಆ ಕ್ಷಣವೇ ಮಿರಮಿರ ಹೊಳೆಯುತ್ತದೆ, ನಾಲ್ಕು ಸಲ ತೊಳೆದರೆ ಹೋಗುತ್ತದೆ, ಬಿಸಿಲು ಅದಕ್ಕೆ ಆಗದು. ಸೀಲಂಟ್ ಉಗುರಿಗೆ ಹಚ್ಚುವ ಪಾಲಿಶ್‌ನ ಹಾಗೆ: ಪಾಲಿಮರ್ ಮೇಲ್ಮೈಯನ್ನು ಹಿಡಿದುಕೊಂಡು ತಿಂಗಳುಗಟ್ಟಲೆ ನಿಲ್ಲುತ್ತದೆ. ಆದರೆ ಹಸಿ ಇರುವಾಗ ಕಾಯಬೇಕು. ನೇಲ್ ಪಾಲಿಶ್ ಆರುವ ಮೊದಲು ಹಿಟ್ಟು ಕಲಸಲು ಹೋದ ಹೆಂಗಸರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಲ್ಯಾಬಿನ ಭಾಷೆಯಲ್ಲಿ ಈ ಕಾಯುವಿಕೆಗೆ ಕ್ಯೂರಿಂಗ್ ಎನ್ನುತ್ತಾರೆ.

ಆಟೋನಗರದ ಗುಜರಿಯಿಂದ ಬಿಳಿ ಕಾರಿನ ಒಂದು ಹಳೆಯ ಬಾಗಿಲು ತರಿಸಿ, ಅದರ ನಡುವೆ ಟೇಪ್ ಅಂಟಿಸಿ, ಒಂದು ಭಾಗಕ್ಕೆ ವ್ಯಾಕ್ಸ್, ಇನ್ನೊಂದಕ್ಕೆ ಸೀಲಂಟ್ ಹಚ್ಚಿ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯ ಮೇಲಿಟ್ಟೆವು. ಒಂದು ಕಡೆಯಿಂದ ಕಡಲಿನ ಉಪ್ಪುಗಾಳಿ, ಇನ್ನೊಂದು ಕಡೆಯಿಂದ ಬಂದರಿನ ಕಪ್ಪು ಧೂಳು. ಮೊದಲ ವಾರ ವ್ಯಾಕ್ಸ್ ರಾಜಕುಮಾರಿಯಂತಿತ್ತು. ಆಮೇಲೆ ದಿನದಿನಕ್ಕೂ ಮಂಕಾಯಿತು. ಸೀಲಂಟ್ ಮೊದಲಿನಿಂದಲೂ ಗಂಭೀರವಾಗಿ ಕುಳಿತಿದ್ದು, ಹಾಗೆಯೇ ಉಳಿಯಿತು. ನೀರು ಹನಿಹನಿಯಾಗಿ ಉರುಳಿದರೆ ಬಣ್ಣಕ್ಕೆ ಭಾರೀ ರಕ್ಷಣೆ ಇದೆ ಎಂದು ಜನ ತಿಳಿಯುತ್ತಾರೆ. ಹನಿ ಚೆಂದ, ಅಷ್ಟೇ. ಧೂಳು ಒದ್ದೆ ಬಟ್ಟೆಗೆ ಸಲೀಸಾಗಿ ಬರುತ್ತದೆಯೇ ಎಂದು ನೋಡಬೇಕು. ಆ ಪರೀಕ್ಷೆಯಲ್ಲಿ ಸೀಲಂಟ್ ಗೆದ್ದಿತ್ತು.

ಆದರೆ ಗುಜರಿಯ ಬಾಗಿಲನ್ನು ಹೊತ್ತು ವಿಜಯವಾಡಕ್ಕೆ ಹೋಗಲಾಗದು. ಓಡುವ ಕಾರು ಬೇಕು. ಆಗ ಸಿಕ್ಕವರು ನಮ್ಮ ಮೇಲಿನ ಮಹಡಿಯ ಕುಲಕರ್ಣಿ. ಧಾರವಾಡದವರು, ದ್ವಾರಕಾ ನಗರದ ಒಂದು ಬ್ಯಾಂಕಿನಲ್ಲಿ ಆಫೀಸರ್. ಆಗಷ್ಟೇ ವಿಜಯವಾಡಕ್ಕೆ ಟ್ರಾನ್ಸ್‌ಫರ್ ಆಗಿತ್ತು. ಹೊಸ ಬಿಳಿ ಕಾರು ಕೊಂಡಿದ್ದರು, ಸಂಜೆಯಾದರೆ ಅದನ್ನು ಒರೆಸುವುದೇ ಅವರ ಸಂಧ್ಯಾವಂದನೆ.

"ಅಕ್ಕಾರ, ನಮ್ಮ ಗಾಡೀನ ತೊಗೊಳ್ರಿ," ಎಂದರು. "ಹೆಂಗಿದ್ರೂ ಸೋಮವಾರ ನಾ ಅಲ್ಲಿ ಹಾಜರ್ ಆಗಬೇಕು. ಬಾನೆಟ್ ನಿಮ್ಮದು, ಉಳಿದದ್ದು ನಂದು."

ಶನಿವಾರ ಸಂಜೆ ರತ್ನ ಬಾನೆಟ್ಟಿನ ಎಡಭಾಗಕ್ಕೆ ವ್ಯಾಕ್ಸ್, ಬಲಭಾಗಕ್ಕೆ ಸೀಲಂಟ್ ಹಚ್ಚಿ ಕಾರನ್ನು ಕಳಿಸಿಕೊಟ್ಟಳು. ಕುಲಕರ್ಣಿಯವರು ಮನೆ ಸೇರಿದರೋ ಇಲ್ಲವೋ ಎಂದು ಫೋನ್ ಮಾಡಿ ಮತ್ತೊಮ್ಮೆ ಎಚ್ಚರಿಸಿದಳು. ನಾನು ಪಕ್ಕದಲ್ಲೇ ಕುಳಿತಿದ್ದೆ. "ರೇಪಟಿ ದಾಕಾ ನೀಳ್ಳು ಚಲ್ಲಕಂಡಿ ಸಾರ್." ನಾಳೆಯವರೆಗೆ ಕಾರಿಗೆ ನೀರು ಚಿಮುಕಿಸಬೇಡಿ ಎಂದು. ಅವರು "ಸರೇ, ಸರೇ" ಎಂದರು. ತೆಲುಗು ತಮಗೆ ಪೂರ್ತಿ ಬಂದಿದೆ ಎಂದು ಅವರ ನಂಬಿಕೆ.

ಭಾನುವಾರ ಅವರು ಕಾರಿನಲ್ಲಿ ಹೋದರು, ನಾವಿಬ್ಬರೂ ರೈಲಿನಲ್ಲಿ. ಸೋಮವಾರ ಬೆಳಿಗ್ಗೆ ಬ್ಯಾಂಕಿಗೆ ಹೋಗುವ ಮೊದಲು ಕುಲಕರ್ಣಿಯವರು ಕಾರನ್ನು ಸಾಂಬಶಿವರಾವು ಅವರ ಯಾರ್ಡಿಗೆ ತಂದು ನಿಲ್ಲಿಸಿದರು. ಎಡಭಾಗ ಕನ್ನಡಿ. ಬಲಭಾಗದ ತುಂಬ ದುಂಡುದುಂಡಗಿನ ಮಾಸಲು ಕಲೆ.

ಸಾಂಬಶಿವರಾವು ಕನ್ನಡಕ ಏರಿಸಿಕೊಂಡು ಬಾಗಿ ನೋಡಿದರು. "ಏನಮ್ಮಾ ಇದು, ಕಾರಿಗೆ ಅಮ್ಮ ಬಂದ ಹಾಗಿದೆ. ಬೇವಿನ ಸೊಪ್ಪು ತರಿಸಲಾ?"

ಯಾರ್ಡಿನ ಡ್ರೈವರುಗಳು ನಕ್ಕರು. ರತ್ನ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ ಗಾರೂ, ಸೀಲಂಟ್ ಬೇಡ. ಎಲ್ಲ ಕಾರಿಗೂ ವ್ಯಾಕ್ಸೇ ಹಚ್ಚುತ್ತೇನೆಂದು ಹೇಳಿಬಿಡುತ್ತೇನೆ. ಇವತ್ತೇ ಒಪ್ಪಿಕೊಂಡಾರು," ಎಂದಳು.

"ಇವತ್ತು ಒಪ್ಪಿಕೊಳ್ಳುತ್ತಾರೆ, ಮೈ ಡಿಯರ್. ವಿಜಯವಾಡದ ಮೇ ತಿಂಗಳಿಗೆ ನಿನ್ನ ವ್ಯಾಕ್ಸ್ ಒಪ್ಪಬೇಕಲ್ಲ. ಎರಡು ಲಗ್ನ ಕಳೆಯುವುದರೊಳಗೆ ಕಾರೂ ಮಂಕು, ನಿನ್ನ ಹೆಸರೂ ಮಂಕು. ಸ್ವಲ್ಪ ತಡೆ."

ಆ ಕಲೆಗಳ ಆಕಾರ ನನಗೆ ಹಿಡಿಸಿರಲಿಲ್ಲ. ಸೀಲಂಟ್ ತಾನಾಗಿ ಕೆಟ್ಟರೆ ಹೊಗೆ ಹಿಡಿದಂತೆ ಮಬ್ಬಾಗುತ್ತದೆ, ಇಷ್ಟು ದುಂಡಗೆ ಅಂಚು ಕಟ್ಟುವುದಿಲ್ಲ. ಯಾರ್ಡಿನ ಎದುರಿನ ಟಿಫಿನ್ ಸೆಂಟರಿನಿಂದ ಒಂದಿಷ್ಟು ವಿನೆಗರ್ ತರಿಸಿ, ನೀರಿಗೆ ಬೆರೆಸಿ, ಬಟ್ಟೆಗೆ ಹಚ್ಚಿ ಒಂದು ಕಲೆಯ ಮೇಲೆ ಒತ್ತಿದೆ. ಅಂಚು ಕರಗಿತು. ಗಡಸು ನೀರಿನ ಸುಣ್ಣ. ಅಂದರೆ ಸೀಲಂಟ್ ಹಸಿ ಇರುವಾಗಲೇ ನೀರು ಬಿದ್ದು, ಅಲ್ಲೇ ಒಣಗಿತ್ತು. ವ್ಯಾಕ್ಸಿಗೆ ಆ ಚಿಂತೆಯಿಲ್ಲ, ಅದು ಹಚ್ಚಿದ ಗಳಿಗೆಯಿಂದಲೇ ನೀರನ್ನು ತಡೆದುಕೊಳ್ಳುತ್ತದೆ.

"ಕುಲಕರ್ಣಿಯವರೇ, ಶನಿವಾರ ರಾತ್ರಿ ಕಾರಿಗೆ ನೀರು ಹಾಕಿದಿರಾ?"

"ಹಾಕೀನಲ್ರಿ," ಎಂದರು ಹೆಮ್ಮೆಯಿಂದ. "ಈಕಿ ಹೇಳಿದ್ಲಲ್ಲ, ನಾಳೆ ತನಕಾ ನೀರು ಚೆಲ್ಲಬ್ಯಾಡ್ರಿ ಅಂತ. ಗಾಡಿ ಒರಸಲಿಕ್ಕೆ ಅಂತ ಬಕೀಟ ತುಂಬಿಸಿ ಇಟ್ಟಿದ್ದೆ. ನಾಳಿಗೆ ನಳ ಬರೂದಿಲ್ಲ ಕಾಣಸ್ತದ, ನೀರು ವೇಸ್ಟ್ ಮಾಡಬಾರದು ಅಂತ ಒಂದು ಹನೀನೂ ಚೆಲ್ಲಲಿಲ್ರಿ. ಅಷ್ಟೂ ಗಾಡಿಗೇ ಹಾಕಿದೆ."

ನಾನು ಕಾರಿಗೆ ಒರಗಿ ನಿಂತು ನಗತೊಡಗಿದೆ. ರತ್ನ ಗಾಬರಿಯಾಗಿ, "ಚಲ್ಲಬೇಡಿ ಎಂದರೆ ಚಲ್ಲಬೇಡಿ ಎಂದೇ ತಾನೇ? ಇದರಲ್ಲೇನಿದೆ?" ಎಂದಳು. ಅವಳ ತೆಲುಗಿನಲ್ಲಿ ಚಲ್ಲುವುದೆಂದರೆ ಚಿಮುಕಿಸುವುದು. ಬೆಳಿಗ್ಗೆದ್ದು ಅಂಗಳಕ್ಕೆ ನೀರು ಚಲ್ಲಿ ರಂಗೋಲಿ ಹಾಕುವ ಊರು ಅದು. ನಮ್ಮ ಕನ್ನಡದಲ್ಲಿ ಚೆಲ್ಲುವುದೆಂದರೆ ಸುರಿದು ಹಾಳು ಮಾಡುವುದು. ಅದರಲ್ಲೂ ಅವರು ಧಾರವಾಡದವರು. ನಳದ ನೀರಿಗೆ ದಿನಗಟ್ಟಲೆ ಕಾದು ಬೆಳೆದ ಮನುಷ್ಯನಿಗೆ ಯಾರಾದರೂ ನೀರು ಚೆಲ್ಲಬೇಡಿ ಎಂದರೆ ಆತ ಯಾಕೆ ಏನು ಎಂದು ಕೇಳುವುದೇ ಇಲ್ಲ, ಕೈಮುಗಿದು ಪಾಲಿಸುತ್ತಾನೆ.

ನಾನು ಎರಡೂ ಭಾಷೆಗಳಲ್ಲಿ ಬಿಡಿಸಿ ಹೇಳಿದ ಮೇಲೆ ಸಾಂಬಶಿವರಾವು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬ್ಯಾಂಕ್ ಸಾರ್, ನಮ್ಮ ಡಿಪಾಸಿಟ್ ನಿಮ್ಮ ಹತ್ತಿರ ಭದ್ರ. ಒಂದು ಹನಿ ಹೊರಗೆ ಹೋಗುವುದಿಲ್ಲ," ಎಂದರು. ಆಮೇಲೆ ರತ್ನಳ ಕಡೆ ತಿರುಗಿ, ನಗು ನಿಲ್ಲಿಸಿ, "ಇನ್ನೊಂದು ಸಲ ನೋಡುತ್ತೇನಮ್ಮಾ. ನನ್ನ ಕಾರಿಗೆ ಹಚ್ಚು. ಶುಕ್ರವಾರ ಅದಕ್ಕೆ ಅಮ್ಮನವರ ಗುಡಿಯ ಬೆಟ್ಟದ ಬುಡದಲ್ಲಿ ಪೂಜೆ ಇದೆ. ಅರಿಸಿನ ಕುಂಕುಮ ಬಿದ್ದ ಮೇಲೂ ಬಿಳಿ ಬಿಳಿಯಾಗಿಯೇ ಇರಬೇಕು. ಮೂರನೇ ಸಲ ಇಲ್ಲ," ಎಂದರು.

ಇದು ನಮ್ಮ ತಾರಸಿಯಲ್ಲಿ ಮಾಡದ ಪರೀಕ್ಷೆ. ಉಪ್ಪಿಗೆ, ಧೂಳಿಗೆ ಸಿದ್ಧರಾಗಿದ್ದೆವು. ಅರಿಸಿನದ ಯೋಚನೆ ನನಗಾಗಲಿ ಅವಳಿಗಾಗಲಿ ಬಂದಿರಲಿಲ್ಲ. ಬಿಳಿ ಸೀರೆಗೆ ಅರಿಸಿನ ಬಿದ್ದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಬಿಸಿಲಿಗೆ ಕಾದ ಬಾನೆಟ್ ಮೇಲೆ ಒದ್ದೆ ಅರಿಸಿನ ಕುಳಿತರೆ ಏನಾಗುತ್ತದೆಂದು ಯಾವ ಲ್ಯಾಬ್ ಪುಸ್ತಕದಲ್ಲಿಯೂ ಓದಿದ ನೆನಪಿಲ್ಲ.

ರತ್ನ ಈ ಸಲ ಮಾತಿನ ಮೇಲೆ ಭಾರ ಹಾಕಲಿಲ್ಲ. ಮತ್ತೆ ಬಾನೆಟ್ಟಿನ ನಡುವೆ ಟೇಪ್ ಅಂಟಿಸಿ, ಎಡಕ್ಕೆ ವ್ಯಾಕ್ಸ್, ಬಲಕ್ಕೆ ಸೀಲಂಟ್ ಹಚ್ಚಿ, ಕಾರನ್ನು ಶೆಡ್ಡಿನೊಳಗೆ ನಿಲ್ಲಿಸಿ, ಯಾರ್ಡಿನಲ್ಲಿದ್ದ ಬಕೆಟ್ಟುಗಳನ್ನೆಲ್ಲ ಎತ್ತಿಕೊಂಡು ಹೋಗಿ ಆಫೀಸಿನ ಕೋಣೆಯಲ್ಲಿ ಬೀಗ ಹಾಕಿದಳು. "ಈಗ ಯಾವ ಭಾಷೆಯವರಾದರೂ ಬರಲಿ," ಎಂದಳು.

ಶುಕ್ರವಾರ ಬೆಟ್ಟದ ಬುಡದಲ್ಲಿ ಪೂಜೆ. ಟೇಪ್ ತೆಗೆದಿದ್ದೆವು. ಗೆರೆ ಎಲ್ಲಿದೆಯೆಂದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಪುರೋಹಿತರು ಅರಿಸಿನ ಕಲಸಿ ಬಾನೆಟ್ಟಿನ ನಟ್ಟನಡುವೆ, ಆ ಗೆರೆಯ ಮೇಲೆಯೇ, ದೊಡ್ಡದೊಂದು ಸ್ವಸ್ತಿಕ ಬರೆದು ಕುಂಕುಮ ಇಟ್ಟರು. ರತ್ನ ನನ್ನ ಕೈ ಹಿಡಿದುಕೊಂಡಳು. ದೇವರ ಗುರುತನ್ನು ಆ ದಿನವೇ ಅಳಿಸುವುದು ಪದ್ಧತಿಯಲ್ಲ. ಹಾಗಾಗಿ ಇಡೀ ದಿನ ಅದು ಬಿಸಿಲಿನಲ್ಲಿ ಒಣಗಿತು. ಸಾಂಬಶಿವರಾವು ವೀಳ್ಯ ಜಗಿಯುತ್ತಾ ಓಡಾಡಿದರು.

ಮರುದಿನ ಬೆಳಿಗ್ಗೆ ರತ್ನ ಒದ್ದೆ ಬಟ್ಟೆಯಿಂದ ಎಡದಿಂದ ಬಲಕ್ಕೆ ಒಂದೇ ಸಮನೆ ಒರೆಸಿದಳು. ಬಲಭಾಗದ ಅರ್ಧ ಸ್ವಸ್ತಿಕ ಬಟ್ಟೆಗೆ ಬಂದಿತ್ತು, ಕೆಳಗೆ ಬರೀ ಬಿಳುಪು. ಎಡಭಾಗದ ಅರ್ಧ ಹಳದಿ ನೆರಳಾಗಿ ಕುಳಿತೇ ಇತ್ತು.

ಸಾಂಬಶಿವರಾವು ಬಾಗಿ ಎರಡೂ ಬದಿಗೆ ಬೆರಳಾಡಿಸಿ ನೋಡಿದರು. "ತೀರ್ಪು ಅಮ್ಮನವರೇ ಕೊಟ್ಟರು. ನಾನು ಯಾರು ಹೇಳಲು?" ಎಂದು ಜೇಬಿನಿಂದ ಶೆಡ್ಡಿನ ಬೀಗದ ಕೈ ತೆಗೆದು ರತ್ನಳ ಕೈಗಿಟ್ಟರು. ಮತ್ತೆ ವ್ಯಾಪಾರಿಯಾಗಿ ಗಡ್ಡ ಕೆರೆದುಕೊಂಡು, "ಆದರೂ ಮೊದಲ ದಿನ ಆ ಎಡಗಡೆಯ ಹೊಳಪು ಚೆಂದವಿತ್ತಮ್ಮಾ. ಮದುವೆಗೆ ಅದು ಬೇಕಲ್ಲ," ಎಂದರು. ಬೇಕಾದರೆ ಅದೂ ಆಗುತ್ತದೆ: ಅಡಿಯಲ್ಲಿ ಸೀಲಂಟ್, ಅದು ಚೆನ್ನಾಗಿ ಆರಿದ ಮೇಲೆ, ಮದುವೆಯ ಬೆಳಿಗ್ಗೆ ಮೇಲಿಂದೊಂದು ಕೈ ಸ್ಪ್ರೇ ವ್ಯಾಕ್ಸ್. ಗಟ್ಟಿತನ ಅದರದು, ಬೆಡಗು ಇದರದು. ವಾರಗಟ್ಟಲೆ ಎರಡನ್ನೂ ಜಗಳಕ್ಕೆ ಬಿಟ್ಟಿದ್ದ ನಾವು ಕೊನೆಗೆ ಒಂದೇ ಮನೆಯಲ್ಲಿ ಸಂಸಾರಕ್ಕೆ ಹಚ್ಚಿದೆವು. ಕುಲಕರ್ಣಿಯವರ ಬಾನೆಟ್ಟನ್ನು ರತ್ನ ಪಾಲಿಶ್ ಮಾಡಿ ಮೊದಲಿನಂತೆ ಮಾಡಿಕೊಟ್ಟಳು. ಅವರು ಪೇಡೆ ತಂದುಕೊಟ್ಟರು.

ಲ್ಯಾಬಿನಲ್ಲಿ ನಾನು ಎಷ್ಟೋ ಸ್ಯಾಂಪಲ್ಲುಗಳನ್ನು ಫೇಲ್ ಮಾಡಿದವಳು. ಆ ಸೋಮವಾರದ ನಂತರ ಒಂದು ಮಾತು ನನ್ನಲ್ಲಿ ನೆಲೆ ನಿಂತಿತು: ಡಬ್ಬಿಯೊಳಗಿನ ವಸ್ತುವನ್ನು ದೂರುವ ಮೊದಲು, ಅದನ್ನು ಬಳಸಿದವನ ಬಳಿ ಕುಳಿತು ನಿನಗೆ ಏನೆಂದು ಕೇಳಿಸಿತು ಎಂದು ವಿಚಾರಿಸಬೇಕು. ಏನು ಮಾಡಿದೆ ಎಂದು ಗದರಿದರೆ ಮನುಷ್ಯ ಬಾಯಿ ಮುಚ್ಚುತ್ತಾನೆ. ಏನು ಕೇಳಿಸಿತು ಎಂದರೆ ಖುಷಿಯಿಂದ ಹೇಳುತ್ತಾನೆ.

ಅದಾದ ಮೇಲೆ ನನ್ನ ಮಂಡಿ ನೋವು ಹೆಚ್ಚಾಯಿತು. ತಂಗಿಯ ಒತ್ತಾಯಕ್ಕೆ ಮೈಸೂರಿಗೆ ಬರುವುದೆಂದು ನಿಶ್ಚಯವಾಯಿತು. ಬರುವ ಮೊದಲು ಒಮ್ಮೆ ವಿಜಯವಾಡಕ್ಕೆ ಹೋದೆ. ಮಾಘ ಮಾಸ, ಎಲ್ಲೆಡೆ ಮದುವೆ. ರತ್ನಳ ಶೆಡ್ಡಿನ ಮುಂದೆ ಹೂವಿನವರು, ಬ್ಯಾಂಡಿನವರು, ಮದುಮಗನ ಕಡೆಯವರು. ಮದುಮಗನ ಚಿಕ್ಕಪ್ಪ ಗಡಿಯಾರ ತೋರಿಸುತ್ತಾ ಕೂಗಾಡುತ್ತಿದ್ದರು. ಅವಳು ತಲೆ ಎತ್ತದೆ, "ಬಾಬಾಯ್ ಗಾರೂ, ನೆರಳಿನಲ್ಲಿ ಕುಳಿತು ಮಜ್ಜಿಗೆ ಕುಡಿಯಿರಿ. ಕಾರಿಲ್ಲದೆ ಮದುಮಗ ಹೊರಡುವುದಿಲ್ಲ, ನಾನು ಹೇಳದೆ ಕಾರು ಹೊರಡುವುದಿಲ್ಲ," ಎಂದಳು. ಅವರು ಗೊಣಗುತ್ತಾ ಹೋಗಿ ಕುಳಿತರು. ಹತ್ತಿರ ಹೋಗಿ ಮಾತಾಡಿಸಬಹುದಿತ್ತು. ಕೆಲಸದ ಮಧ್ಯೆ ಅವಳ ಕೈ ತಡೆಯಲು ನನಗೆ ಇಷ್ಟವಾಗಲಿಲ್ಲ, ಆಟೊದಲ್ಲೇ ಕುಳಿತು ನೋಡಿದೆ. ಒಮ್ಮೆ ನನ್ನನ್ನು ಕಂಡಳು. ಎರಡೂ ಕೈಯಲ್ಲಿ ಬಟ್ಟೆ ಇತ್ತು, ಹಾಗಾಗಿ ಮೊಣಕೈ ಎತ್ತಿ, ಇಳಿದು ಬನ್ನಿ ಎಂದು ಸನ್ನೆ ಮಾಡಿದಳು. ರೈಲಿಗೆ ಹೊತ್ತಾಗಿದೆ ಎಂದು ನಾನು ಮಣಿಕಟ್ಟು ತಟ್ಟಿ ತೋರಿಸಿದೆ. ಅವಳು ಮುಖ ಊದಿಸಿದಳು, ಆಮೇಲೆ ನಕ್ಕಳು, ಮತ್ತೆ ಕಾರಿನ ಮೇಲೆ ಬಾಗಿದಳು.